ನಡುವಿನ ಬಲವನ್ನು ಎಣಿಸಿ ಅಳೆಯಬಹುದೆ?

ಶಾಲಾ ಮಕ್ಕಳ ದೈಹಿಕ ಕ್ಷಮತೆಯನ್ನು ಅಳೆಯಲು 'ಖೇಲೋ ಇಂಡಿಯಾ' ರೂಪಿಸಿದ ಪರೀಕ್ಷೆಗಳಲ್ಲಿ 4ರಿಂದ 12ನೇ ತರಗತಿಯವರಿಗೆ 'ಪಾರ್ಶಿಯಲ್ ಕರ್ಲ್-ಅಪ್' ಎಂಬುದೊಂದಿದೆ. ವಿದ್ಯಾರ್ಥಿ ಮೊಣಕಾಲು ಮಡಿಸಿ ಅಂಗಾತ ಮಲಗಿ, ಅಂಗೈಗಳನ್ನು ಪಕ್ಕದಲ್ಲಿ ನೆಲದತ್ತ ಇಟ್ಟುಕೊಳ್ಳುತ್ತಾನೆ. ಬೆರಳ ತುದಿ 6 ಅಂಗುಲ ಮುಂದಿನ ಪಟ್ಟಿಯನ್ನು ತಲುಪುವಷ್ಟು ಭುಜಗಳನ್ನು ಎತ್ತಿ, ಮತ್ತೆ ಮಲಗಬೇಕು. 30 ಸೆಕೆಂಡುಗಳಲ್ಲಿ ಹೀಗೆ ಎಷ್ಟು ಸಲ ಮಾಡಿದ ಎಂಬುದೇ ಅಂಕ. ಇದು ಹೊಟ್ಟೆಯ ಸ್ನಾಯುಗಳ ಶಕ್ತಿ ಹಾಗೂ ತಾಳಿಕೆಯನ್ನು ಅಳೆಯುತ್ತದೆ, ಅವು ನಡುವಿನ ಸ್ಥಿರತೆಗೆ ಮುಖ್ಯ ಎಂಬುದು ಇದರ ಹಿಂದಿನ ವಾದ. ಈ ವಾದದಲ್ಲಿ ಒಂದು ಕೊಂಡಿ ಸಡಿಲವಾಗಿದೆ.

ಮೊದಲು ಒಳ್ಳೆಯದನ್ನು ಹೇಳೋಣ. ಪರೀಕ್ಷೆಗೆ ಒಂದು ಜಮಖಾನೆ, ಎರಡು ಪಟ್ಟಿ, ಒಂದು ಗಡಿಯಾರ ಸಾಕು. ಕುಂದಗೋಳ ತಾಲ್ಲೂಕಿನ ಸಣ್ಣ ಹಳ್ಳಿಯ ಶಾಲೆಯಲ್ಲೂ ನಡೆಸಬಹುದು. ಪಾದಗಳನ್ನು ಒಬ್ಬರು ಒತ್ತಿಹಿಡಿದು, ಪೂರ್ತಿ ಎದ್ದು ಕೂರಿಸುವ ಹಳೆಯ ಸಿಟ್-ಅಪ್‌ಗಿಂತ ಇದು ಮೇಲು. ಅದರಲ್ಲಿ ಹೆಚ್ಚಿನ ಕೆಲಸವನ್ನು ತೊಡೆಯ ಬುಡದ ಸ್ನಾಯುಗಳೇ ಮಾಡಿಬಿಡುತ್ತವೆ.

ಆದರೆ ನಡುವಿನ ಬಲ ಎಂದರೇನು? ಈಗ ಜಿಮ್‌ಗಳಲ್ಲಿ 'ಕೋರ್' ಎನ್ನುವ ಭಾಗ ಒಂದು ಡಬ್ಬಿಯಂತಿದೆ. ಮೇಲೆ ವಪೆ, ಕೆಳಗೆ ಶ್ರೋಣಿಯ ತಳದ ಸ್ನಾಯುಗಳು, ಮುಂದೆ ಹೊಟ್ಟೆಯವು, ಪಕ್ಕದಲ್ಲಿ ಓರೆ ಸ್ನಾಯುಗಳು, ಹಿಂದೆ ಬೆನ್ನಿನವು. ನಡುವೆ ಸೊಂಟದ 5 ಕಶೇರುಕಗಳು. ಬೆನ್ನನ್ನು ಬಗ್ಗಿಸುವುದಕ್ಕಿಂತ, ಹೊರೆ ಬಿದ್ದಾಗ ಅದು ಬಗ್ಗದಂತೆ, ತಿರುಚದಂತೆ ಹಿಡಿಯುವುದೇ ಈ ಡಬ್ಬಿಯ ಮುಖ್ಯ ಕೆಲಸ. ತಲೆಯ ಮೇಲೆ ಬುತ್ತಿಗಂಟು ಹೊತ್ತು ಎರೆಹೊಲದ ಸಾಲು ದಾಟುವ ಹೆಣ್ಣುಮಗಳ ನಡು ಮಾಡುವುದು ಇದನ್ನೇ. ಎದುರಾಳಿ ಉರುಳಿಸಲು ನೋಡುವಾಗ ಗರಡಿಯ ಪೈಲ್ವಾನ ನೆಟ್ಟಗೆ ನಿಲ್ಲುವುದೂ ಇದರಿಂದಲೇ.

ತರಗತಿಯಲ್ಲೇ ಇದನ್ನು ತೋರಿಸಬಹುದು. ಬಲಗೈಯಲ್ಲಿ 10 ಲೀಟರ್ ನೀರಿನ ಬಕೆಟ್ ಹಿಡಿದು ನೆಟ್ಟಗೆ ನಿಲ್ಲಿ. ಎಡ ಪಕ್ಕೆಯ ಕೆಳಗೆ ಬೆರಳೊತ್ತಿ ನೋಡಿ, ಸ್ನಾಯು ಗಟ್ಟಿಯಾಗಿರುತ್ತದೆ. ಬಕೆಟ್ ಬೆನ್ನೆಲುಬಿನಿಂದ 30 ಸೆಂ.ಮೀ., ಆ ಸ್ನಾಯು 10 ಸೆಂ.ಮೀ. ದೂರದಲ್ಲಿದೆ ಎಂದು ಇಟ್ಟುಕೊಳ್ಳೋಣ. ಸನ್ನೆಯ ನಿಯಮದಂತೆ ಸ್ನಾಯು 30 ಕಿ.ಗ್ರಾಂ. ತೂಕದಷ್ಟು ಬಲದಿಂದ ಎಳೆಯಬೇಕು. ಯಾವ ಚಲನೆಯೂ ಇಲ್ಲ, ಎಣಿಸಲು ಏನೂ ಇಲ್ಲ. ಆದರೂ ನಡು ದುಡಿಯುತ್ತಿದೆ. ಈ ಬಲ ಕರ್ಲ್-ಅಪ್‌ನ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ.

ಎರಡನೆಯ ತೊಡಕು ವೇಗದ್ದು. 30 ಸೆಕೆಂಡಿನಲ್ಲಿ ಹೆಚ್ಚು ಎಣಿಕೆ ಬೇಕೆಂದರೆ ಮಗು ಕುತ್ತಿಗೆ ಎಳೆದು, ಜೋಲಿ ಹೊಡೆದು ಏಳುತ್ತದೆ. ಹೊಸಬರಿಗೆ ಮೊದಲು ಕಲಿಸಬೇಕಾದ ಹಿಡಿತಕ್ಕೆ ಅಂಕವಿಲ್ಲ. ಅಂಕ ಎಲ್ಲಿದೆಯೋ ಅಭ್ಯಾಸವೂ ಅತ್ತಲೇ ಹೋಗುತ್ತದೆ. ಅಮೆರಿಕದ ಭೂಸೇನೆ 1980ರಿಂದ 2 ನಿಮಿಷದ ಸಿಟ್-ಅಪ್ ಎಣಿಸುತ್ತಿತ್ತು. 2022ರಲ್ಲಿ ಜಾರಿಯಾದ ಪರೀಕ್ಷೆಯಲ್ಲಿ ಅದಿರಲಿಲ್ಲ, ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವ 'ಪ್ಲ್ಯಾಂಕ್' ಇತ್ತು.

ಹಾಗೆಂದು ಇನ್ನೊಂದು ತುದಿಗೆ ಹಾರುವುದೂ ಬೇಡ. ಕರ್ಲ್-ಅಪ್ ಬೆನ್ನು ಮುರಿಯುತ್ತದೆ ಎಂಬ ಹೆದರಿಕೆಗೆ ಆಧಾರ ಬಹುಮಟ್ಟಿಗೆ ಹಂದಿಯ ಕಶೇರುಕಗಳನ್ನು ಯಂತ್ರದಲ್ಲಿ ಸಾವಿರಾರು ಸಲ ಬಗ್ಗಿಸಿದ ಪ್ರಯೋಗಗಳು. ಜೀವಂತ ಅಂಗಾಂಶ ವಿಶ್ರಾಂತಿಯಲ್ಲಿ ಚೇತರಿಸಿಕೊಳ್ಳಬಲ್ಲದು. 'ಕೋರ್' ಗಟ್ಟಿಯಾದರೆ ಬೆನ್ನುನೋವೇ ಇಲ್ಲ ಎಂಬ ಜಾಹೀರಾತೂ ಉತ್ಪ್ರೇಕ್ಷೆಯೇ. 1996ರಲ್ಲಿ ಆಸ್ಟ್ರೇಲಿಯದ ಹಾಡ್ಜಸ್ ಮತ್ತು ರಿಚರ್ಡ್‌ಸನ್, ಬೆನ್ನುನೋವಿದ್ದ 15 ಮಂದಿಯಲ್ಲಿ ಕೈ ಎತ್ತುವಾಗ ಹೊಟ್ಟೆಯ ಆಳದ ಅಡ್ಡಸ್ನಾಯು ತಡವಾಗಿ ಕೆಲಸಕ್ಕಿಳಿಯುವುದನ್ನು ಕಂಡರು. ತಡವಾದ್ದರಿಂದ ನೋವೋ, ನೋವಿನಿಂದ ತಡವೋ ಎಂಬುದನ್ನು ಅಷ್ಟರಿಂದಲೇ ಹೇಳಲಾಗದು. 2016ರ ಕಾಕ್ರೇನ್ ವಿಮರ್ಶೆ 29 ಪ್ರಯೋಗಗಳನ್ನು ಪರಿಶೀಲಿಸಿತು. ದೀರ್ಘಕಾಲದ ಬೆನ್ನುನೋವಿಗೆ ಇಂಥ ವಿಶೇಷ ವ್ಯಾಯಾಮ ಇತರ ವ್ಯಾಯಾಮಗಳಿಗಿಂತ ಹೇಳಿಕೊಳ್ಳುವಷ್ಟು ಮೇಲಲ್ಲ ಎಂದಿತು.

ಹಾಗಾದರೆ ಶಿಕ್ಷಕರು ಏನು ಮಾಡಬಹುದು? ಕರ್ಲ್-ಅಪ್ ಇರಲಿ, ನಿಧಾನವಾಗಿ ಮಾಡಿಸಿ. ಜೊತೆಗೆ ಮೂರು ಹಿಡಿತ ಸೇರಿಸಿ: ಮೊಣಕೈ ಊರಿ ಪ್ಲ್ಯಾಂಕ್, ಅದನ್ನೇ ಒಂದು ಮಗ್ಗುಲಿಗೆ, ಅಂಬೆಗಾಲಿನಲ್ಲಿ ನಿಂತು ಎದುರುಬದುರು ಕೈ-ಕಾಲು ಚಾಚುವುದು. ಒಂದೊಂದೂ 10 ಸೆಕೆಂಡು, ಕೆಲವು ಸಲ. ಕಷ್ಟವಾದವರು ಮೊಣಕಾಲು ಊರಲಿ. ಉಸಿರು ಕಟ್ಟಬಾರದು, ನಡು ಜೋತುಬಿದ್ದರೆ ಅಥವಾ ನೋವಾದರೆ ನಿಲ್ಲಿಸಬೇಕು.

ಪರೀಕ್ಷೆ ರೂಪಿಸುವವರೂ ಈ ಹಿಡಿತಗಳಲ್ಲಿ ಒಂದಕ್ಕೆ ಅಂಕ ಕೊಡಲಿ. ಅಲ್ಲಿಯವರೆಗೆ ಕರ್ಲ್-ಅಪ್ ಅಂಕವನ್ನು 'ಹೊಟ್ಟೆಯ ಸ್ನಾಯುವಿನ ತಾಳಿಕೆ' ಎಂದಷ್ಟೇ ಬರೆಯೋಣ. ಕಡಿಮೆ ಅಂಕ ಪಡೆದ ಮಗುವಿಗೆ ನಿನ್ನ ನಡುವಿನಲ್ಲಿ ಬಲವಿಲ್ಲ ಎಂದು ಹೇಳುವ ಹಕ್ಕು ಆ ಅಂಕಕ್ಕಿಲ್ಲ.