ಬಾಳ್ಗಳ್ಚು: ಯೋಧರ ಪುನಸ್ಸಮಾಗಮವೂ ಕನ್ನಡದ ವಾಙ್ಮಯವೂ

ಹಲ್ಮಿಡಿಯ ಶಾಸನವನ್ನು ಭಾಷಾಶಾಸ್ತ್ರಜ್ಞರು ಅದರ ಪ್ರತ್ಯಯಗಳಿಗಾಗಿಯೂ ಚರಿತ್ರಕಾರರು ಅದರ ರಾಜನಾಮಗಳಿಗಾಗಿಯೂ ಓದುತ್ತ ಬಂದಿರುವರು. ಅದರಲ್ಲಿ ನಡೆದಿರುವ ಸಂಗತಿ ಏನೆಂಬುದನ್ನು ಸಾಹಿತ್ಯದೃಷ್ಟಿಯಿಂದ ವಿಚಾರಿಸಿದವರು ವಿರಳ. ಬೇಲೂರಿನ ಸಮೀಪದ ಆ ಹಳ್ಳಿಯಲ್ಲಿ 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದ, ಸುಮಾರು ಕ್ರಿ. ಶ. 450ರದೆಂದು ಗಣಿತವಾದ ಈ 16 ಸಾಲುಗಳ ಲೇಖವು ಬಹುಕಾಲ ಕನ್ನಡದ ಮೊದಲ ಶಾಸನವೆಂದೇ ಮಾನ್ಯವಾಗಿತ್ತು. ಅದರ ವಿಷಯವಿಷ್ಟು: ಕೇಕಯ–ಪಲ್ಲವರೊಡನೆ ಕಾದಿದ ವಿಜ ಅರಸನೆಂಬ ವೀರನಿಗೆ, ಸೇಂದ್ರಕ ಮತ್ತು ಬಾಣ ಈ ಎರಡೂ ನಾಡುಗಳ ವೀರಪುರುಷರು ನೆರೆದು ನೋಡುತ್ತಿರಲಾಗಿ, ಎರಡು ಹಳ್ಳಿಗಳನ್ನು ‘ಬಾಳ್ಗಳ್ಚು’ ಎಂದು ಕೊಡಲಾಯಿತು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಯುದ್ಧ ಮುಗಿದ ಮೇಲೆ ಕತ್ತಿಯ ರಕ್ತವನ್ನು ತೊಳೆದು ಕೊಡುವ ಮನ್ನಣೆ ಅದು. ಅದೇ ಶಾಸನದಲ್ಲಿ ಆಳುಪ ಗಣದ ಹೆಸರೂ ಕಾಣುವುದು. ಆಳುಪರೆಂದರೆ ಮುಂದೆ ಉದ್ಯಾವರ ಬಾರಕೂರುಗಳಿಂದ ನಮ್ಮ ತುಳುನಾಡನ್ನಾಳಿದ ಮನೆತನದವರು.

ಕನ್ನಡ ಗದ್ಯವು ಕಲ್ಲಿನ ಮೇಲೆ ಮೊದಮೊದಲು ಮೂಡಿದಾಗಲೇ ಅದು ಯುದ್ಧಾನಂತರ ನೆರೆದ ಯೋಧರ ಸಭೆಯೊಂದನ್ನು ಹೇಳುತ್ತಿದೆ ಎಂಬುದು ಇದರಿಂದ ಸಿದ್ಧವಾಗುವುದು. ಅರಸನು ಅರಮನೆಯಲ್ಲಿ ಕುಳಿತೇ ಹಳ್ಳಿಗಳನ್ನು ಕೊಡಬಹುದಾಗಿತ್ತು. ವೀರರ ಸಮಕ್ಷಮವೇಕೆ ಬೇಕಾಯಿತು? ಕಾದಿದವನ ಕೆಲಸ ಎಂಥದೆಂಬುದನ್ನು ಕಾದಿದವರೇ ಬಲ್ಲರು. ಕತ್ತಿಯನ್ನು ತೊಳೆಯುವ ನೀರು ಯಾರದಾದರೂ ಆಗಬಹುದು, ಸಾಕ್ಷಿ ಮಾತ್ರ ಒಡನೆ ನಿಂತವರದೇ ಆಗಬೇಕು. ಇಂದು ನಿವೃತ್ತ ಸೈನಿಕರು ತಮ್ಮ ತಮ್ಮ ಪಲ್ಟನುಗಳ ಹೆಸರಿನಲ್ಲಿ ವರ್ಷಕ್ಕೊಮ್ಮೆಯೋ ಹಲವು ವರ್ಷಗಳಿಗೊಮ್ಮೆಯೋ ಕೂಡುವ ಸಮ್ಮೇಳನಗಳ ಮರ್ಮವೂ ಇದೇ. ಈ ಮರ್ಮವನ್ನು ನಮ್ಮ ಕವಿಗಳು ಎಷ್ಟರ ಮಟ್ಟಿಗೆ ಕಂಡರು, ಈಗಿನ ನಮ್ಮ ಬರೆಹವು ಎಲ್ಲಿ ಹಿಂದೆ ಬಿದ್ದಿದೆ ಎಂಬುದನ್ನು ವಿಮರ್ಶಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ರನ್ನನನ್ನು ನೋಡೋಣ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಚಾಲುಕ್ಯರ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ರಚಿತವಾದ ‘ಸಾಹಸಭೀಮವಿಜಯ’ವೆಂಬ ‘ಗದಾಯುದ್ಧ’ದಲ್ಲಿ ಸಹೃದಯರ ಮನಸ್ಸು ನಿಲ್ಲುವ ಸ್ಥಳ ಭೀಮನ ಗೆಲವಲ್ಲ. ಸೇನೆಯೆಲ್ಲ ಅಳಿದ ಮೇಲೆ ಸಂಜಯನೊಡನೆ ದುರ್ಯೋಧನನು ಶರಶಯ್ಯೆಯ ಭೀಷ್ಮನನ್ನು ಕಾಣಹೊರಟು, ಹೆಣಗಳ ನಡುವೆ ಹಾದಿ ಹುಡುಕುತ್ತ ನಡೆವ ಭಾಗವದು. ದಾರಿಯಲ್ಲಿ ದ್ರೋಣನು ಸಿಕ್ಕುವನು, ಅಭಿಮನ್ಯುವು ಸಿಕ್ಕುವನು, ಮಗ ಲಕ್ಷಣಕುಮಾರನೂ ತಮ್ಮ ದುಶ್ಶಾಸನನೂ ಗೆಳೆಯ ಕರ್ಣನೂ ಸಿಕ್ಕುವರು. ವಿಮರ್ಶಕರು ಇದನ್ನು ಕರುಣರಸದ ಪರಾಕಾಷ್ಠೆಯೆಂದು ಹೊಗಳಿರುವುದು ಯುಕ್ತವೇ. ಆದರೆ ರಸದ ಹೆಸರನ್ನು ಹೇಳಿದ ಮಾತ್ರಕ್ಕೆ ಸಂದರ್ಭದ ಸ್ವರೂಪವು ತಿಳಿಯದು. ಇದು ಒಂದು ಸೇನೆಯ ಕೊನೆಯ ಸಮಾಗಮ. ಬಂದವನು ಒಬ್ಬನೇ, ಉಳಿದವರೆಲ್ಲರೂ ತಮ್ಮ ತಮ್ಮ ಸ್ಥಾನಗಳಲ್ಲಿಯೇ ಇದ್ದಾರೆ.

ಇಲ್ಲಿ ರನ್ನನು ತೋರಿದ ಔಚಿತ್ಯವು ಅಸಾಧಾರಣವಾದುದು. ದುರ್ಯೋಧನನು ಎಲ್ಲರಿಗೂ ಒಂದೇ ಅಳುವನ್ನು ಹಂಚುವುದಿಲ್ಲ. ಗುರುವಿನ ಮುಂದೆ ಶಿಷ್ಯನಾಗುವನು. ತನ್ನ ನೀರಿಗೆ ಕಾದಿರಬೇಕಾದ ತಾನು ಮಗನಿಗೆ ನೀರು ಬಿಡಬೇಕಾಗಿ ಬಂದ ವಿಪರ್ಯಯವನ್ನು ತಂದೆಯಾಗಿ ನೋಯುವನು. ತಾಯ ಮೊಲೆವಾಲು ಮೊದಲುಗೊಂಡು ಎಲ್ಲದರಲ್ಲಿಯೂ ತನ್ನ ತರುವಾಯ ಬಂದ ತಮ್ಮನು ಸಾವಿನಲ್ಲಿ ಮಾತ್ರ ಮುಂದಾದನೆಂದು ದುಶ್ಶಾಸನನೆದುರು ಅಣ್ಣನಾಗಿ ಅಳುವನು. ಶತ್ರುಪಕ್ಷದ ಬಾಲಕನಾದ ಅಭಿಮನ್ಯುವಿಗೂ ತಲೆವಾಗಿ, ಅಂಥ ಸಾಹಸದ ಮರಣ ತನಗೂ ದೊರೆಯಲೆಂದು ಬೇಡುವನು. ಒಬ್ಬೊಬ್ಬರ ಹೆಸರಿಗೂ ಒಂದೊಂದು ನೆನಪು, ಒಂದೊಂದು ನೆನಪಿಗೂ ಬೇರೆಯೇ ದನಿ. ಪಲ್ಟನಿನ ಹಾಜರಿಯಲ್ಲಿ ಹೆಸರು ಕರೆಯುವಂತೆ ಕವಿಯು ಇಲ್ಲಿ ಹೆಸರನ್ನು ಕರೆಯುತ್ತಿರುವನು. ‘ಇದ್ದೇನೆ’ ಎಂಬ ಉತ್ತರ ಮಾತ್ರ ಬಾರದು. ಈ ಹಾಜರಿಯು ಮುಗಿದ ಮೇಲೆ ಭೀಷ್ಮನು ಸಂಧಿಯ ಮಾತನ್ನು ಹೇಳಿದರೆ ದುರ್ಯೋಧನನು ಒಪ್ಪದಿರುವುದು ಛಲವೊಂದರಿಂದಲೇ ಎನಿಸದು. ಇವರೆಲ್ಲರಿಲ್ಲದ ನೆಲವನ್ನು ಯಾರೊಡನೆ ಆಳುವುದೆಂಬ ನೋವೂ ಆ ನಿರಾಕರಣೆಯೊಳಗಿದೆ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಈ ಕಾವ್ಯವನ್ನು ನಾಟಕವಾಗಿಸಿ ದುರ್ಯೋಧನನಲ್ಲಿ ದುರಂತನಾಯಕನನ್ನು ಕಂಡುದಕ್ಕೆ ಈ ಭಾಗವೇ ಮುಖ್ಯ ಆಧಾರವೆಂದು ನನಗೆ ತೋರುವುದು.

ಎರಡನೆಯ ಸಮಾಗಮವು ವ್ಯಾಸಭಾರತದ ಆಶ್ರಮವಾಸಿಕ ಪರ್ವದ ಪುತ್ರದರ್ಶನ. ಯುದ್ಧವಾಗಿ ಹಲವು ವರ್ಷಗಳು ಕಳೆದ ಬಳಿಕ ವ್ಯಾಸರು ಗಂಗೆಯ ನೀರಿನಿಂದ ಮಡಿದ ವೀರರೆಲ್ಲರನ್ನೂ ಒಂದು ರಾತ್ರಿಯ ಮಟ್ಟಿಗೆ ಎಬ್ಬಿಸುವರು. ಕರ್ಣನೂ ಅಭಿಮನ್ಯುವೂ ದುರ್ಯೋಧನನೂ ದ್ರೌಪದಿಯ ಮಕ್ಕಳೂ ಕೋಪವಳಿದು ಒಬ್ಬರನ್ನೊಬ್ಬರು ಕೂಡುವರು, ಬೆಳಗಾಗಲು ಮರಳಿ ನೀರಿನಲ್ಲಿ ಲೀನರಾಗುವರು. ಕುಮಾರವ್ಯಾಸನ ಭಾರತವು ಗದಾಪರ್ವಕ್ಕೇ ನಿಂತಿತು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಜ್ಞೆಯಂತೆ ತಿಮ್ಮಣ್ಣಕವಿಯು ಪೂರೈಸಿದನು. ನಮ್ಮ ಮನೆಗಳ ಭಾರತವಾಚನವಾಗಲಿ ತಾಳಮದ್ದಳೆಯಾಗಲಿ ಹೆಚ್ಚಾಗಿ ಕರ್ಣಪರ್ವ, ಗದಾಪರ್ವಗಳಲ್ಲಿಯೇ ತಂಗುವುದರಿಂದ ಪುತ್ರದರ್ಶನದ ಪ್ರಸಂಗವು ಬಹುಜನರಿಗೆ ಅಪರಿಚಿತವಾಗಿಯೇ ಉಳಿದಿದೆ. ಇದು ನಷ್ಟ. ಯುದ್ಧದ ಕಥೆಯನ್ನು ಯುದ್ಧದಲ್ಲಿಯೇ ಮುಗಿಸಿದರೆ ಕೇಳುವವನಿಗೆ ಆವೇಶ ಉಳಿಯುವುದು, ಆ ರಾತ್ರಿಯವರೆಗೂ ಕೇಳಿದರೆ ವಿವೇಕ ಉಳಿಯುವುದು.

ಇದಕ್ಕೆ ಎದುರಾಗಿ ಗ್ರೀಕರ ಹೋಮರನನ್ನು ಇಟ್ಟು ನೋಡಬಹುದು. ‘ಒಡಿಸ್ಸಿ’ಯ ಹನ್ನೊಂದನೆಯ ಸರ್ಗದಲ್ಲಿ ಒಡಿಸ್ಯೂಸನು ಪ್ರೇತಲೋಕದ ಅಂಚಿನಲ್ಲಿ ಟ್ರಾಯ್ ಯುದ್ಧದ ತನ್ನ ಒಡನಾಡಿಗಳನ್ನು ಕಾಣುವನು. ಅಗಮೆಮ್ನನ್ ಮಾತಾಡುವನು, ಅಖಿಲೀಸನು ಮಾತಾಡುವನು, ಏಜಾಕ್ಸನೊಬ್ಬನು ಮಾತ್ರ ಮಾತಾಡನು. ಮಡಿದ ಅಖಿಲೀಸನ ಆಯುಧಗಳು ತನಗೆ ಬಾರದೆ ಒಡಿಸ್ಯೂಸನಿಗೆ ಸಂದವೆಂಬ ಕೋಪವು ಸಾವಿನಲ್ಲಿಯೂ ಅವನನ್ನು ಬಿಟ್ಟಿಲ್ಲ, ಮೌನವಾಗಿಯೇ ತಿರುಗಿ ಹೋಗುವನು. ವ್ಯಾಸರು ಎಲ್ಲರನ್ನೂ ಸಮಾಧಾನಗೊಳಿಸಿದರು, ಹೋಮರನು ಒಬ್ಬನ ಅಸಮಾಧಾನವನ್ನು ಹಾಗೆಯೇ ಉಳಿಸಿದನು. ಸಮಾಗಮಕ್ಕೆ ಬಾರದವನಿಗೂ ಬಂದು ಮಾತಾಡದವನಿಗೂ ಒಂದು ಕಾರಣವಿರುತ್ತದೆಂಬ ಲೋಕಾನುಭವವು ಹೋಮರನಲ್ಲಿ ತೀಕ್ಷ್ಣವಾಗಿದೆ. ಇವೆರಡೂ ಸತ್ಯಗಳೇ; ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಸಲ್ಲದು.

ಸಮಾಧಾನದ ಹೆಸರಿನಲ್ಲಿ ಮರೆವು ನುಗ್ಗಬಹುದೆಂಬುದಕ್ಕೆ ಲೋಕಚರಿತ್ರೆಯಲ್ಲಿ ನಿದರ್ಶನವುಂಟು. 1913ರ ಜುಲೈಯಲ್ಲಿ, ಗೆಟ್ಟಿಸ್‌ಬರ್ಗ್ ಯುದ್ಧದ ಐವತ್ತನೆಯ ವರ್ಷದಲ್ಲಿ, ಅಮೆರಿಕದ ಅಂತರ್ಯುದ್ಧದ ಎರಡೂ ಪಕ್ಷಗಳ 50,000ಕ್ಕೂ ಮಿಕ್ಕ ವೃದ್ಧಯೋಧರು ಅದೇ ರಣಭೂಮಿಯಲ್ಲಿ ಡೇರೆ ಹೂಡಿ ಕೂಡಿದರು. ಒಮ್ಮೆ ಗುಂಡು ಹಾರಿಸಿದ್ದ ಕಲ್ಲುಗೋಡೆಯ ಮೇಲಿಂದ ಕೈಗೆ ಕೈ ಕೊಟ್ಟರು. ಆ ದೃಶ್ಯವು ಗಂಗಾತೀರದ ರಾತ್ರಿಯನ್ನೇ ನೆನಪಿಗೆ ತರುವಂಥದು. ಆದರೆ ಆ ಯುದ್ಧಕ್ಕೆ ಮೂಲವಾಗಿದ್ದ ದಾಸ್ಯಪದ್ಧತಿಯ ಮಾತೂ, ಬಿಡುಗಡೆಗಾಗಿ ಕಾದಿದ ಕರಿಯ ಸೈನಿಕರ ನೆನಪೂ ಆ ಸಂಭ್ರಮದಲ್ಲಿ ಮರೆಗೆ ಸರಿದುವು. ಅಪ್ಪುಗೆಯು ದೊಡ್ಡದು, ನಿಜ. ಯಾರ ಹೆಸರನ್ನು ಕರೆಯಲಿಲ್ಲವೆಂದು ಕೇಳುವ ಹೊಣೆಯು ವಿಮರ್ಶೆಯದು.

ಈ ಪ್ರಶ್ನೆಯನ್ನು ನಮ್ಮ ಕಾವ್ಯಕ್ಕೂ ಹಾಕಬೇಕಾಗುವುದು. ರನ್ನನ ಹಾಜರಿಯಲ್ಲಿ ಕೂಗಲ್ಪಟ್ಟವರು ಅರಸುಗಳೂ ಆಚಾರ್ಯರೂ ಮಾತ್ರ. ಹನ್ನೊಂದು ಅಕ್ಷೌಹಿಣಿಯ ಸಾಮಾನ್ಯ ಭಟನು ಆ ಕಣದಲ್ಲಿ ದಾರಿಗೆ ಅಡ್ಡಲಾದ ಹೆಣವಾಗಿ ಉಳಿದನು. ಆತನ ಹೆಸರನ್ನು ಉಳಿಸಿದ ಪುಣ್ಯ ಕವಿಗಳದಲ್ಲ, ಕಲ್ಲುಕುಟಿಗರದು. ಇದಕ್ಕೆ ದೂರ ಹೋಗಬೇಕಾಗಿಲ್ಲ. ಇನ್ನಂಜೆಗೆ ಕೆಲವೇ ಮೈಲುಗಳಲ್ಲಿರುವ ಉದ್ಯಾವರದಲ್ಲಿ ದೊರೆತ, ಸುಮಾರು 8ನೆಯ ಶತಮಾನದ ಆಳುಪ ಶಾಸನಗಳು ರಣಸಾಗರ ಚಿತ್ರವಾಹನರ ಕಾಲದ ಒಳಜಗಳದಲ್ಲಿ ಮಡಿದ ಭಟರನ್ನು ಹೆಸರಿಸುವ ವೀರಗಲ್ಲುಗಳು. ಅರಸೊತ್ತಿಗೆಯ ಜಗಳ ಯಾರ ಪರವಾಗಿ ತೀರ್ಮಾನವಾಯಿತೆಂಬುದು ಇಂದು ವಿದ್ವಾಂಸರ ಚರ್ಚೆಗಷ್ಟೆ ಉಳಿದ ವಿಷಯ. ಸತ್ತ ಆಳಿನ ಹೆಸರು ಮಾತ್ರ ಕಲ್ಲಿನಲ್ಲಿದೆ.

ಕಲ್ಲಿಗಿಂತಲೂ ಸಜೀವವಾದುದು ನಮ್ಮ ಗರಡಿ. ಕಾಪು ಕಟಪಾಡಿಗಳ ಸುತ್ತಿನವರಿಗೆ ಕೋಟಿ ಚೆನ್ನಯರ ಕಥೆಯನ್ನು ಹೇಳಬೇಕಾಗಿಲ್ಲ. ಎಣ್ಮೂರಿನ ಕಾಳಗದಲ್ಲಿ ಕೋಟಿಯು ಬೀಳಲು, ಒಡಹುಟ್ಟಿದವನಿಲ್ಲದ ಬಾಳು ಬೇಡವೆಂದು ಚೆನ್ನಯನೂ ಪ್ರಾಣವನ್ನು ನೀಗಿದನೆಂದು ಪಾಡ್ದನವು ಹೇಳುವುದು. ಪಂಜೆ ಮಂಗೇಶರಾಯರು ಈ ಕಥೆಯನ್ನು ಕನ್ನಡ ಗದ್ಯಕ್ಕೆ ತಂದು ಉಪಕರಿಸಿದರು. ಗರಡಿಯೆಂದರೆ ಮೊದಲು ಅಂಗಸಾಧನೆಯ, ಆಯುಧಾಭ್ಯಾಸದ ಮನೆ. ಆ ಮನೆಯೇ ಅವರ ಗುಡಿಯಾದುದು ಎಷ್ಟು ಅರ್ಥವತ್ತಾದುದು! ನೇಮದ ರಾತ್ರಿಯಲ್ಲಿ ಅಗಲಿದ ಜೋಡಿಯು ಮರಳಿ ಜೊತೆಯಾಗಿ ತಾನು ಕಲಿತ ಮನೆಗೇ ಬರುವುದು, ಊರಿನ ಗುತ್ತು ಬರ್ಕೆಗಳನ್ನು ಕ್ರಮವರಿತು ಹೆಸರು ಹಿಡಿದು ಕರೆಯುವುದು. ರನ್ನನಲ್ಲಿ ಬದುಕಿದವನು ಸತ್ತವರನ್ನು ಕರೆದನು, ಇಲ್ಲಿ ಸತ್ತವರು ಬದುಕಿದವರನ್ನು ಕರೆಯುವರು. ಎರಡರ ಜೀವಾಳವೂ ಒಂದೇ: ಹೆಸರು ಹಿಡಿದು ಕರೆಯುವುದು.

ಇನ್ನು ಈ ಕಾಲದ ಮಾತು. ನಮ್ಮ ನಾಡಿಗೆ ಈ ವಿಷಯದಲ್ಲಿ ವಿಶೇಷ ಸಂಬಂಧವುಂಟು. ಪ್ರತಿ ವರ್ಷ ಜನವರಿ 14ರಂದು ದೇಶದಲ್ಲೆಲ್ಲ ನಿವೃತ್ತ ಸೈನಿಕರ ದಿನವನ್ನು ಆಚರಿಸುವರು. ಅದು ಕೊಡಗಿನ ಕಾರಿಯಪ್ಪನವರು ಸೇನಾಪತಿಪದದಿಂದ 1953ರಲ್ಲಿ ನಿವೃತ್ತರಾದ ದಿನ. ಉಡುಪಿಯ ಅಜ್ಜರಕಾಡಿನಲ್ಲಿಯೂ ಮಂಗಳೂರಿನ ಕದ್ರಿಯಲ್ಲಿಯೂ ಸ್ಮಾರಕಗಳಿವೆ. ಸೇನೆಯೊಳಗಣ ಕೂಟಗಳಲ್ಲಿ ಅಧಿಕಾರಿಯೂ ಸಿಪಾಯಿಯೂ ಒಟ್ಟಿಗೆ ಉಣ್ಣುವ ‘ಬಡಾಖಾನಾ’ ಎಂಬ ಸತ್ಸಂಪ್ರದಾಯವಿದೆ. ಆದರೆ ಊರುಗಳಲ್ಲಿ ನಾವು ನಡೆಸಿಕೊಡುವ ಸಭೆಗಳನ್ನು ಸಾಹಿತ್ಯಕೃತಿಯಂತೆ ಪರೀಕ್ಷಿಸಿದರೆ ಅವುಗಳ ದೋಷವು ತೋರದಿರದು. ಸ್ವಾಗತ, ಶಾಲು, ಹಾರ, ಗಣ್ಯರ ಭಾಷಣ, ವಂದನಾರ್ಪಣೆ ಎಂಬೀ ಪಂಚಾಂಗದಲ್ಲಿ ಯೋಧನು ಶ್ರೋತೃವಾಗಿಬಿಡುವನು. ಶೌರ್ಯವನ್ನು ಕಾಣದವನು ಶೌರ್ಯವನ್ನು ಬಣ್ಣಿಸುವನು, ಕಂಡವನು ಕೈಕಟ್ಟಿ ಕುಳಿತಿರುವನು. ಹಲ್ಮಿಡಿಯ ಸಭೆಯಲ್ಲಿ ವೀರರು ಸಾಕ್ಷಿಗಳಾಗಿದ್ದರು, ನಮ್ಮ ಸಭೆಯಲ್ಲಿ ಅವರು ಅಲಂಕಾರವಾಗಿರುವರು.

ಇದರ ಫಲವೇನಾಗುವುದೆಂಬುದನ್ನು ಮೈಸೂರು ಲ್ಯಾನ್ಸರ್ಸ್ ದಳದ ಕಥೆಯಿಂದ ತಿಳಿಯಬಹುದು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಮೈಸೂರಿನ ಕುದುರೆ ಸವಾರರು ದೂರದ ಹೈಫಾ ಪಟ್ಟಣವನ್ನು ಗೆದ್ದರು. ದಿಲ್ಲಿಯಲ್ಲಿ 1922ರಲ್ಲಿ ನಿಂತ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನಲ್ಲಿಯೂ ಆ ದಳದ ಸ್ಮಾರಕವಿದೆ. 1953ರಲ್ಲಿ 61ನೆಯ ಅಶ್ವದಳವು ರೂಪುಗೊಂಡಾಗ ಮೈಸೂರಿನ ಪರಂಪರೆಯೂ ಅದರಲ್ಲಿ ಸೇರಿತು. ಸ್ತಂಭವು ಹೇಳುವಷ್ಟನ್ನು ನಾವು ಬಲ್ಲೆವು. ಆ ಸವಾರರು ಊರಿಗೆ ಮರಳಿ ಮುಪ್ಪಿನಲ್ಲಿ ಒಬ್ಬರನ್ನೊಬ್ಬರು ಕಂಡಾಗ ಏನು ಮಾತಾಡಿಕೊಂಡರು, ಬಾರದವನ ತಾಯಿಗೆ ಏನೆಂದರು ಎಂಬುದನ್ನು ಹೇಳಬಲ್ಲವರು ಯಾರೂ ಈಗ ಉಳಿದಿಲ್ಲ. ಅವರು ಇದ್ದಾಗ ಕನ್ನಡದ ಲೇಖನಿಯು ಅವರ ಜಗುಲಿಯ ಕಡೆಗೆ ಸಾಕಷ್ಟು ನಡೆಯಲಿಲ್ಲ.

ಅದೇ ತಪ್ಪು ಮರಳಿ ಆಗುವ ಕಾಲವು ಸಮೀಪಿಸಿದೆ. 1971ರಲ್ಲಿ ಇಪ್ಪತ್ತರ ತರುಣನಾಗಿದ್ದ ಸಿಪಾಯಿಗೆ ಈಗ ಎಪ್ಪತ್ತು ದಾಟಿದೆ. 1962 ಮತ್ತು 1965ರವರು ಇನ್ನೂ ಹಿರಿಯರು. 1987ರಿಂದ 1990ರವರೆಗೆ ಸಿಂಹಳದಲ್ಲಿ ನಮ್ಮ ಶಾಂತಿಪಾಲನಾ ಪಡೆಯ ಸಾವಿರಕ್ಕೂ ಮಿಕ್ಕವರು ಮಡಿದರು. ಜಯವೆಂದು ಹಾಡಲಾಗದ ಆ ಕಾರ್ಯದಿಂದ ಮರಳಿದವರಿಗೆ ತಮ್ಮ ಒಡನಾಡಿಗಳ ಕೂಟವಲ್ಲದೆ ಬೇರೆ ಸಭೆಯು ದೊರೆತುದು ಅಪರೂಪ. ಗೆದ್ದವನಿಗೆ ಮೆರವಣಿಗೆಯಾದರೂ ಉಂಟು. ಗೆಲವು ಸೋಲುಗಳ ಲೆಕ್ಕಕ್ಕೆ ಸಿಕ್ಕದ ಯುದ್ಧದಿಂದ ಬಂದವನಿಗೆ ಸಾಕ್ಷಿಯೇ ಸರ್ವಸ್ವ.

ಇಂಥವರು ನಮ್ಮ ಜಿಲ್ಲೆಯ ಊರುಗಳಲ್ಲಿ ಇದ್ದಾರೆ. ವಾಚಕರ ಮನೆಗಳಲ್ಲಿಯೇ ಇರಬಹುದು. ಸಾಹಿತ್ಯಸಂಘಗಳು ಇವರ ಸಭೆಯಲ್ಲಿ ಭಾಷಣವನ್ನು ಕಡಿಮೆಮಾಡಿ, ಬಂದ ಪ್ರತಿಯೊಬ್ಬನೂ ಬಾರದ ಒಬ್ಬ ಒಡನಾಡಿಯ ಹೆಸರನ್ನು ಹೇಳಿ ಆತನನ್ನು ಕುರಿತು ನಾಲ್ಕು ಮಾತಾಡುವಂತೆ ಏರ್ಪಡಿಸಲಿ, ಒಬ್ಬರು ಅದನ್ನು ಬರೆದುಕೊಳ್ಳಲಿ. ಮಾತು ತುಳುವಿನಲ್ಲಿರಲಿ, ಕೊಂಕಣಿಯಲ್ಲಿರಲಿ, ಪಲ್ಟನಿನ ಹಿಂದಿಯಲ್ಲಿರಲಿ, ಬರೆಹಕ್ಕೆ ಬಂದರೆ ಸಾಕು. ಮಾತಾಡಲೊಲ್ಲದವನನ್ನು ಏಜಾಕ್ಸನೆಂದು ತಿಳಿದು ಗೌರವಿಸಲಿ, ಒತ್ತಾಯಿಸದಿರಲಿ. ಸೈನಿಕನ ಪತ್ನಿಗೂ ಒಂದು ಸರದಿಯಿರಲಿ, ಕಾಯುವವರ ಯುದ್ಧವನ್ನು ಕಾದವಳೇ ಹೇಳಬೇಕು. ಇವುಗಳಿಂದ ಮಹಾಕಾವ್ಯವು ಹುಟ್ಟುವುದೋ ಇಲ್ಲವೋ ಎಂಬ ವಿಚಾರವು ಆಮೇಲಿನದು. ವಿಜ ಅರಸನಿಗೆ ಹಳ್ಳಿಗಳು ಸಂದುವು, ಆ ಹಳ್ಳಿಗಳ ಒಡೆತನವು ಎಂದೋ ಕೈಬದಲಾಯಿಸಿತು. ವೀರರ ಸಮಕ್ಷಮದಲ್ಲಿ ಕೊಟ್ಟರೆಂದು ಯಾರೋ ಒಬ್ಬನು ಕನ್ನಡದಲ್ಲಿ ಬರೆದಿಟ್ಟ ಮಾತು ಮಾತ್ರ ಸಾವಿರದ ಐನೂರು ವರ್ಷಗಳ ಮೇಲೆಯೂ ನಮ್ಮದಾಗಿ ಉಳಿದಿದೆ.