ಎರಡು ಮಿಲಿಮೀಟರ್ ಬಾಕಿ

ಸ್ಲೈಡ್ ಪೂರ್ತಿ ಮುಂದೆ ಬಂದು ಕೂರದೆ ಎರಡು ಮಿಲಿಮೀಟರ್ ಹಿಂದೆಯೇ ನಿಂತ ಪುಟ್ಟ ಪಿಸ್ತೂಲನ್ನು ಒಳ್ಳೆಯ ಕೋವಿ ಮಿಸ್ತ್ರಿ ತಟ್ಟಿ ಮುಚ್ಚಲು ಹೋಗುವುದಿಲ್ಲ. ಮೊದಲು ಮ್ಯಾಗಜಿನ್ ತೆಗೆದು ಚೇಂಬರ್ ಬರಿದು ಮಾಡುತ್ತಾನೆ. ಆಮೇಲೆ ಬ್ಯಾರಲ್ ಬಿಚ್ಚಿ, ಅದರೊಳಕ್ಕೆ ಒಂದು ಕಾಡತೂಸು ಇಳಿಬಿಡುತ್ತಾನೆ. ಟಣ್ಣೆಂದು ಕೂತು, ಬೋರಲು ಹಿಡಿದಾಗ ತಾನಾಗಿ ಜಾರಿಬಿದ್ದರೆ ಕಾಡತೂಸಿನದೂ ಚೇಂಬರಿನದೂ ತಪ್ಪಿಲ್ಲ. ಕಾಸು ಖರ್ಚಿಲ್ಲದ ಈ ಪರೀಕ್ಷೆ ನನಗೆ ಬಲು ಇಷ್ಟ.

ಆಗ ಅನುಮಾನಕ್ಕೆ ಉಳಿದದ್ದು ಜಿಡ್ಡು, ಕಾಡತೂಸನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರ್, ಸ್ಲೈಡನ್ನು ಮುಂದೂಡುವ ಸ್ಪ್ರಿಂಗ್. ಜಾನ್ ಬ್ರೌನಿಂಗ್ ರೂಪಿಸಿದ ಓರೆಯಾಗುವ ಬ್ಯಾರಲ್ಲಿನ ಏರ್ಪಾಟೇ ಇಂದಿನ ಬಹುಪಾಲು ಪಿಸ್ತೂಲುಗಳಲ್ಲಿದೆ. ಕಾಡತೂಸನ್ನು ಒಳತಳ್ಳಿ, ಅದರ ಅಂಚನ್ನು ಎಕ್ಸ್‌ಟ್ರಾಕ್ಟರಿನ ಕೊಕ್ಕೆಯಡಿ ಸರಿಸಿ, ಬ್ಯಾರಲ್ಲನ್ನು ಮೇಲೆತ್ತಿ ಬಿಗಿಯುವಷ್ಟು ಕಸುವು ಸ್ಪ್ರಿಂಗಿನಿಂದಲೇ ಬರಬೇಕು. 1911ರ ಮಾದರಿಯ ಪಿಸ್ತೂಲಿನಲ್ಲಿ ಸ್ಲೈಡಿಗೆ ಓಡಲು ಜಾಗವಿದೆ. ಗ್ಲಾಕ್ 26ರಂಥ ಗಿಡ್ಡ ಪಿಸ್ತೂಲಿನಲ್ಲಿ ಅಷ್ಟಿಲ್ಲ. ಅದಕ್ಕೇ ಅಲ್ಲಿ ಒಂದರೊಳಗೊಂದು ಎರಡು ಸ್ಪ್ರಿಂಗ್. ಅವು ಸೋತರೆ ಮೊದಲು ಬಾಕಿ ಉಳಿಯುವುದು ಬ್ಯಾರಲ್ ಎತ್ತಿ ಬಿಗಿಯುವ ಕೊನೆಯ ಹೆಜ್ಜೆ. ಹಳೆಯ ಸ್ಪ್ರಿಂಗ್ ಬದಲಿಸುವ ಮೊದಲೇ ಎಕ್ಸ್‌ಟ್ರಾಕ್ಟರಿಗೆ ಅರ ಹಾಕುವವರನ್ನು ನಾನಂತೂ ಕಸುಬುದಾರರೆನ್ನಲಾರೆ.

ಅಂದಹಾಗೆ, ಸ್ಲೈಡ್ ಸಾಕಷ್ಟು ತೆರೆದಿದ್ದಾಗ ಟ್ರಿಗರ್ ಎಳೆದರೂ ಗುಂಡು ಹಾರದಂತೆ ತಡೆಯುವುದು ಡಿಸ್‌ಕನೆಕ್ಟರ್ ಎಂಬ ಚಿಕ್ಕ ಬಿಡಿಭಾಗ. ಮಿಸ್ತ್ರಿ ಕೊನೆಗೆ ಅದನ್ನೂ ಒರೆಸಿ ನೋಡುತ್ತಾನೆ.