ಪಟ್ಟಿಯ ಹೊರಗಿನ ಗೋಪಾಲಯ್ಯ

ಶಿವರಾಮ ಕಾರಂತರ ಕಾದಂಬರಿಗಳಲ್ಲಿ ದೊಡ್ಡದು ಯಾವುದು ಎಂದು ಅವರು ದಶಕಗಳ ಕಾಲ ಬದುಕಿ ಬರೆದ ಪುತ್ತೂರಿನಲ್ಲಿ ಕೇಳಿದರೂ ಮೊದಲು ಬರುವ ಉತ್ತರ ‘ಮೂಕಜ್ಜಿಯ ಕನಸುಗಳು’. ಯಾಕೆ ಎಂದರೆ, ಅದಕ್ಕೆ ಜ್ಞಾನಪೀಠ ಬಂತಲ್ಲ. ಅಲ್ಲಿಗೆ ಮಾತು ಮುಗಿಯಿತು. ಪ್ರಶಸ್ತಿಯ ಅಂತಿಮ ಪಟ್ಟಿಗೆ ಏರಿದ್ದು ಗಟ್ಟಿ, ಏರದ್ದು ಜೊಳ್ಳು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಪುಸ್ತಕ ತೆರೆಯುವ ಮೊದಲೇ ತೀರ್ಪು ಸಿದ್ಧವಾಗಿರುತ್ತದೆ. ಈ ನಂಬಿಕೆ ನಮ್ಮ ಓದನ್ನು ಕೆಡಿಸಿದೆ ಎಂಬುದು ನನ್ನ ವಾದ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಮಟ್ಟಿಗಂತೂ ಪ್ರಶಸ್ತಿಯ ಅಳತೆಗೋಲು ತೀರ ಮೊಂಡು.

ದಾಖಲೆಯನ್ನೇ ನೋಡೋಣ. ಕೇಂದ್ರ ಸಾಹಿತ್ಯ ಅಕಾಡೆಮಿ 1959ರಲ್ಲಿ ಕಾರಂತರನ್ನು ಗೌರವಿಸಿದ್ದು ‘ಯಕ್ಷಗಾನ ಬಯಲಾಟ’ಕ್ಕೆ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ ಬರೆದ ಕಾದಂಬರಿಕಾರನಿಗೆ ಅದು ಸಿಕ್ಕಿದ್ದು ಸಂಶೋಧನೆಗಾಗಿ. ಅದೇ ಅಕಾಡೆಮಿಯ ಕನ್ನಡ ಪ್ರಶಸ್ತಿ 2017ರಿಂದ 2024ರವರೆಗೆ ಒಂದು ಕಾದಂಬರಿಗೂ ಬಂದಿಲ್ಲ. ವಿಮರ್ಶೆ, ಆತ್ಮಕಥೆ, ಮಹಾಕಾವ್ಯ, ಜೀವನಚರಿತ್ರೆ, ಪ್ರಬಂಧಗಳಿಗೆ ಬಂದಿದೆ. 2023ರಲ್ಲಿ ಪುತ್ತೂರಿನವರೇ ಆದ ಲಕ್ಷ್ಮೀಶ ತೋಳ್ಪಾಡಿಯವರಿಗೆ ಬಂದದ್ದೂ ಪ್ರಬಂಧಗಳಿಗೆ, ಮತ್ತು ಅದು ಸಲ್ಲಬೇಕಾದ ಗೌರವವೇ. ಆದರೆ ಪ್ರಶಸ್ತಿಯೇ ಅಳತೆಯಾದರೆ ಈ ಎಂಟು ವರ್ಷ ಕನ್ನಡದಲ್ಲಿ ಹೇಳಿಕೊಳ್ಳುವಂಥ ಕಾದಂಬರಿಯೇ ಹುಟ್ಟಲಿಲ್ಲ ಎನ್ನಬೇಕಾಗುತ್ತದೆ. ಕಾದಂಬರಿ ಓದುವ ಯಾರಾದರೂ ಇದನ್ನು ಒಪ್ಪುತ್ತಾರೆಯೇ?

‘ಮೂಕಜ್ಜಿ’ಗೆ ಬರುತ್ತೇನೆ. ಮೊಮ್ಮಗ ಸುಬ್ಬರಾಯ ಒಂದೊಂದೇ ವಸ್ತುವನ್ನು ತಂದು ಅಜ್ಜಿಯ ಕೈಗೆ ಕೊಡುತ್ತಾನೆ. ಅಜ್ಜಿ ಮುಟ್ಟುತ್ತಾಳೆ, ಸಾವಿರಾರು ವರ್ಷಗಳ ಹಿಂದಿನದು ಅವಳಿಗೆ ಕಾಣುತ್ತದೆ. ದೇವರು, ಕಾಮ, ಧರ್ಮ ಎಲ್ಲದರ ಮೇಲೂ ಅವಳು ಹಂಗಿಲ್ಲದೆ ಮಾತಾಡುತ್ತಾಳೆ. ಆ ಧೈರ್ಯ ಇಂದಿಗೂ ಬೆಚ್ಚಿಬೀಳಿಸುತ್ತದೆ. ಆದರೆ ಕಾದಂಬರಿಯಾಗಿ ಅದಕ್ಕೊಂದು ಕೊರತೆಯಿದೆ. ಅಜ್ಜಿಗೆ ಸರಿಸಾಟಿಯಾಗಿ ನಿಂತು ಎದುರು ಹೇಳುವವರು ಅಲ್ಲಿ ಇಲ್ಲ. ಸುಬ್ಬರಾಯ ಕೇಳುತ್ತಾನೆ, ಅವಳು ಹೇಳುತ್ತಾಳೆ, ಅವನು ಒಪ್ಪುತ್ತಾನೆ. ವಿಚಾರವೆಲ್ಲ ಅಜ್ಜಿಯ ಬಾಯಲ್ಲಿದೆ. ನಾಗಿ ಎಂಬ ಹೆಂಗಸಿನ ಸಂಸಾರದ ಭಾಗ ಬಂದಾಗ ಮಾತ್ರ ಪುಸ್ತಕ ನೆಲಕ್ಕಿಳಿದು ಉಸಿರಾಡುತ್ತದೆ. 1968ರ ಈ ಕೃತಿಗೆ 1977ರಲ್ಲಿ ಜ್ಞಾನಪೀಠ ಬಂದದ್ದರಲ್ಲಿ ಅಚ್ಚರಿಯಿಲ್ಲ. ಮನುಕುಲದ ಇಡೀ ನಂಬಿಕೆಯ ಚರಿತ್ರೆಯನ್ನು ಹರಡುವ ಪುಸ್ತಕ ಎಲ್ಲಿ ಕುಳಿತು ಓದಿದರೂ ಅರ್ಥವಾಗುತ್ತದೆ.

1943ರ ‘ಬೆಟ್ಟದ ಜೀವ’ ಬೇರೆಯೇ ಜಾತಿಯದು. ಸುಬ್ರಹ್ಮಣ್ಯದ ಕಡೆಗೆ ಹೊರಟ ಶಿವರಾಮಯ್ಯ ಕತ್ತಲಲ್ಲಿ ದಾರಿ ತಪ್ಪುತ್ತಾನೆ. ದಾರಿಯಲ್ಲಿ ಸಿಕ್ಕ ದೇರಣ್ಣ, ಬಟ್ಯರು ಅವನನ್ನು ಕೆಳಬೈಲಿನ ಗೋಪಾಲಯ್ಯನ ಮನೆಗೆ ತಲುಪಿಸುತ್ತಾರೆ. ಮರುದಿನವೇ ಹೊರಡಬೇಕೆಂದುಕೊಂಡವನನ್ನು ಗೋಪಾಲಯ್ಯ, ಶಂಕರಮ್ಮ ಬಿಡುವುದಿಲ್ಲ. ಆ ಉಪಚಾರ ಅತಿಯಾಯಿತು ಎಂದು ನಮಗನ್ನಿಸುವ ಹೊತ್ತಿಗೆ ಅದರ ಹಿಂದಿನ ಕೊರಗು ತಿಳಿಯುತ್ತದೆ: ಮಗ ಶಂಭು ಮನೆ ಬಿಟ್ಟು ಹೋಗಿ ಮರಳಿಲ್ಲ. ಕಾಡು ಕಡಿದು ತೋಟ ಎಬ್ಬಿಸಿದವನಿಗೆ ಅದನ್ನು ಯಾರ ಕೈಗೆ ಕೊಡಬೇಕೆಂದು ಗೊತ್ತಿಲ್ಲ. ಆಶ್ರಯದಲ್ಲಿ ಬೆಳೆದ ನಾರಾಯಣನಿಗೆ ತಾನು ದುಡಿದ ಜಾಗ ಎಂದಾದರೂ ತನ್ನದಾದೀತೇ ಎಂಬ ಅಳುಕು. ಇದನ್ನೆಲ್ಲ ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ಗೋಪಾಲಯ್ಯ ಮಗನ ಮಾತು ತೇಲಿಸಿ ಆನೆ, ಹುಲಿ, ಹೊಸ ತೋಟದ ಸುದ್ದಿಗೆ ಹೋಗುತ್ತಾನೆ. ಶಂಕರಮ್ಮ ಅತಿಥಿಗೆ ಇನ್ನಷ್ಟು ಬಡಿಸುತ್ತಾಳೆ. ಆ ಬಡಿಸುವಿಕೆಯಲ್ಲೇ ಒಬ್ಬ ತಾಯಿಯ ಸಂಕಟ ಪೂರ್ತಿ ಇದೆ. ಹೀಗೆ ಬರೆಯುವುದು ಕಾದಂಬರಿಕಾರನ ಅತಿ ಕಷ್ಟದ ಕೆಲಸ. ಇದನ್ನು ‘ಮೂಕಜ್ಜಿ’ಗಿಂತ ಮೇಲಿನದು ಎನ್ನಲು ನನಗೆ ಅನುಮಾನವಿಲ್ಲ.

ಇಂದು ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡಿನ ತೋಟಗಳಿಗೆ ಹೋಗಿ ನೋಡಿ. ಹಳದಿ ಎಲೆ ರೋಗದಿಂದ ಅಡಿಕೆ ಮರದ ತಲೆ ಸಣ್ಣದಾಗುತ್ತ ಬಂದಿದೆ. ಮರ ಹತ್ತುವ ಜನ ಸಿಗದೆ ದೋಟಿ ಹಿಡಿದು ಕೆಳಗಿಂದಲೇ ಕೊಯ್ಲು, ಕೊಳೆರೋಗಕ್ಕೆ ಮದ್ದು ಬಿಡುವುದೂ ದೋಟಿಯಲ್ಲೇ. ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಲ್ಲಿ. ಇಲ್ಲಿ ಇಬ್ಬರೇ ಮುದುಕರು. ತೋಟ ಯಾರಿಗೆ ಎಂಬ ಗೋಪಾಲಯ್ಯನ ಪ್ರಶ್ನೆ ಈ ಸೀಮೆಯ ಮನೆಮನೆಯ ಪ್ರಶ್ನೆಯಾಗಿದೆ. ಇಷ್ಟು ದೂರ ಕಂಡ ಪುಸ್ತಕವನ್ನು ‘ಪ್ರಾದೇಶಿಕ ಕಾದಂಬರಿ’ ಎಂದು ಬದಿಗಿಡುವ ವಿಮರ್ಶೆಗೆ ಏನೆನ್ನಬೇಕು?

ಬೊಳುವಾರು ಮಹಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತಲ್ಲ, ಅದೂ ಪುತ್ತೂರಿನ ನೆಲದ್ದೇ ಅಲ್ಲವೇ ಎನ್ನಬಹುದು. ಹೌದು, ಪ್ರಶಸ್ತಿ ಯೋಗ್ಯ ಕೃತಿಗೇ ಬಂತು. ಆದರೆ ಅದನ್ನು ಹೊಗಳುವ ಮಾತು ಕೇಳಿ: ದೇಶವಿಭಜನೆ, ಸ್ವತಂತ್ರ ಭಾರತದ ಕಥೆ, ಸಾವಿರ ಪುಟದ ಹರಹು. ಆ ಹರಹು ನಿಂತಿರುವುದು ಮುತ್ತುಪ್ಪಾಡಿ ಎಂಬ ಕಲ್ಪಿತ ಊರಿನ ಮೇಲೆ. ಎಷ್ಟೋ ವರ್ಷ ಸಣ್ಣ ಕಥೆಗಳಲ್ಲಿ ಆ ಊರಿನ ಮುಸ್ಲಿಂ ಮನೆಗಳ ಒಳಕೋಣೆ, ಜಗಳ, ನಗು ಬರೆದು ಪಳಗಿದ ಕೈ ಅದು. ಕಾದಂಬರಿ ಇತಿಹಾಸದ ಘಟನೆಗಳನ್ನು ಸಾಲಾಗಿ ದಾಟುವಾಗ ಸುಸ್ತಾಗುತ್ತದೆ, ಮುತ್ತುಪ್ಪಾಡಿಗೆ ಮರಳಿದ ಕೂಡಲೇ ಕಳೆಗಟ್ಟುತ್ತದೆ.

ಈಗ ಕಡಬ ತಾಲೂಕಿಗೆ ಸೇರಿರುವ ಕುಳಕುಂದದ ಕಾದಂಬರಿಕಾರ ನಿರಂಜನರದೂ ಇದೇ ಕಥೆ. ಪ್ರಾಚೀನ ಈಜಿಪ್ಟಿನ ಕಥೆ ಹೇಳುವ ‘ಮೃತ್ಯುಂಜಯ’ವನ್ನು ಹೆಸರಿಸುವವರು ಬೇಕಷ್ಟಿದ್ದಾರೆ. ಸುಳ್ಯದಲ್ಲಿ ಎದ್ದು ಮಂಗಳೂರು ಮುಟ್ಟಿದ 1837ರ ರೈತ ದಂಗೆಯ ಕಾದಂಬರಿ ‘ಕಲ್ಯಾಣಸ್ವಾಮಿ’ಯನ್ನು ಓದಿದವರು ಆ ದಂಗೆಯ ಊರುಗಳಲ್ಲೇ ಅಪರೂಪ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಆ ದಂಗೆಯ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು, ಸಂತೋಷ. ಆ ನೆಪದಲ್ಲಾದರೂ ಪುಸ್ತಕ ಮತ್ತೆ ಕೈಗೆ ಬರಬೇಕಿತ್ತು.

ಪ್ರಶಸ್ತಿಯಿಂದ ಓದುಗರು ಸಿಗುತ್ತಾರೆ ಎಂಬ ವಾದಕ್ಕೆ ನನ್ನ ತಕರಾರಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂದಾಗ ಕನ್ನಡದ ಕಥೆ ಜಗತ್ತಿನ ಕಣ್ಣಿಗೆ ಬಿತ್ತು. ಅದು ದೊಡ್ಡ ಸಂಗತಿ. ಆದರೆ ಹೊಸ ಓದುಗರನ್ನು ಕರೆತರುವುದು ಬೇರೆ, ಹಳೆಯ ಓದುಗರು ತಮ್ಮ ವಿವೇಚನೆಯನ್ನು ಮೂವರು ತೀರ್ಪುಗಾರರಿಗೆ ಒಪ್ಪಿಸಿ ಸುಮ್ಮನಾಗುವುದು ಬೇರೆ. ಹಳದಿ ಎಲೆಯ ತೋಟದಲ್ಲಿ ಉಳಿದ ಇಬ್ಬರು ಮುದುಕರ ಬಗ್ಗೆ ನಾಳೆ ಸುಳ್ಯದ ಹುಡುಗಿಯೊಬ್ಬಳು ನೂರೈವತ್ತು ಪುಟದ ಕಾದಂಬರಿ ಬರೆದರೆ, ಅದು ಯಾವ ಪಟ್ಟಿಯಲ್ಲಿದೆ ಎಂದು ಕೇಳದೆ ಮೊದಲು ಓದಬೇಕಾದವರು ನಾವು, ಈ ಮೂರು ತಾಲೂಕಿನವರು.